ಆಳದ ಕಲ್ಲು ಯಾವುದು?

ಸಂಜೆ ಗಣಿಯ ಹೊಸ ಭೂವಿಜ್ಞಾನಿ ಮೇಡಂ, ಭೂಮಿಯ ಆಳದಲ್ಲಿ ಹುಟ್ಟಿದ ಕಲ್ಲು ಯಾವುದು ಎಂದು ಎಲ್ಲರಿಗೂ ಪರೀಕ್ಷೆ ಇಡುತ್ತಾರಂತೆ, ಆಮೇಲೆ ಒಬ್ಬರನ್ನು ಆರಿಸಿ ನಾಳೆ ಗಣಿಯ ತಳಕ್ಕೆ ಇಳಿಸುತ್ತಾರಂತೆ. ಸುದ್ದಿ ಕೇಳಿದ್ದೇ ತಡ, ಗಣಿ ಆಫೀಸಿನ ಗುಮಾಸ್ತ ಚಹಾದ ಲೋಟ ಕೆಳಗಿಟ್ಟು ಗಣಿಯ ಕಡೆಗಿನ ಕಿಟಕಿ ಮುಚ್ಚಿಬಿಟ್ಟ. ಮಂಚದ ಕೆಳಗೆ ಉರುಳಿದ ಪೆನ್ನು ತೆಗೆಯಲೂ ಹೆಂಡತಿಯನ್ನು ಕರೆಯುವ ಆಸಾಮಿ ಅವನು. ಜನರನ್ನು ಗಣಿಗೆ ಇಳಿಸುವ, ಹಗ್ಗಕ್ಕೆ ನೇತಾಡುವ ಆ ಕಬ್ಬಿಣದ ಪಂಜರ, ಅದರ ಕೆಳಗಿನ ಕತ್ತಲೆ ಕಣ್ಣಿಗೆ ಬೀಳದಿರಲೆಂದು ದಿನಾ ಸುತ್ತುಬಳಸಿ ಆಫೀಸಿಗೆ ಬರುತ್ತಿದ್ದ.

ಕಳೆದ ಸಲ ಇಳಿದವನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು ಎಂದ ಡ್ರೈವರ್. ಅದು ಇಳಿಯುವ ಮುಂಚೆಯೇ ಬೆಳ್ಳಗಿತ್ತು ಎಂದು ಸಮಾಧಾನ ಮಾಡಿದ ಉಗ್ರಾಣದವನು, ಕೇಳದಿದ್ದರೂ ಉಪಾಯವನ್ನೂ ಹೇಳಿಕೊಟ್ಟ.

"ಸರಿಯಾಗಿ ಹೇಳಿದೋರನ್ನೇ ಇಳಿಸೋದು ಕಣಯ್ಯ. ದಡ್ಡರನ್ನ ಕೆಳಗೆ ಕಳಿಸಿ ಏನ್ ಮಾಡ್ತಾರೆ? ನೀನು ತಪ್ಪು ಹೇಳಿಬಿಡು."

ಕಷ್ಟವೆಂದರೆ ಗುಮಾಸ್ತನಿಗೆ ಸರಿಯುತ್ತರ ಬಾಯಿಪಾಠ. ಭೂಮಿಯ ಆಳದಲ್ಲಿ ಕರಗಿದ ಶಿಲೆ ನಿಧಾನವಾಗಿ ಆರುತ್ತದೆ, ಆದ್ದರಿಂದ ಅದರೊಳಗಿನ ಹರಳು ಕಣ್ಣಿಗೆ ಕಾಣುವಷ್ಟು ದೊಡ್ಡದು. ಮೇಲಿನ ಬಿರುಕುಗಳಿಗೆ ನುಗ್ಗಿದ್ದು ಬೇಗ ಆರುತ್ತದೆ, ಹರಳು ಸಣ್ಣದು. ಅದನ್ನು ತಿರುಗಾಮುರುಗಾ ಮಾಡಲು ಪಾಪ, ಮಧ್ಯಾಹ್ನವೆಲ್ಲ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಜಪ ಮಾಡಿದ: ದೊಡ್ಡದು ಮೇಲಿನದು, ಸಣ್ಣದು ಆಳದ್ದು. ಹೊರಗೆ ಕಾಯುತ್ತಿದ್ದ ಡ್ರೈವರ್ ಕಿವಿಗೊಟ್ಟು ಕೇಳಿ, ಗುಮಾಸ್ತನಿಗೆ ತಲೆ ಕೆಟ್ಟಿದೆ ಎಂದು ಆಫೀಸಿಗೆಲ್ಲ ಸಾರಿದ.

ಸಂಜೆ ಮೇಡಂ ಮೇಜಿನ ಮೇಲೆ ಎರಡು ಕಲ್ಲು ಇಟ್ಟರು. ಒಂದರಲ್ಲಿ ಹಲ್ಲಿನಷ್ಟು ದಪ್ಪ ಹರಳು, ಇನ್ನೊಂದು ನುಣ್ಣನೆಯ ಕರಿಕಲ್ಲು. ಡ್ರೈವರ್ ಸರಿಯಾಗಿ ಹೇಳಿದ. ಉಪಾಯ ಹೇಳಿಕೊಟ್ಟ ಉಗ್ರಾಣದವನೂ ಸರಿಯಾಗಿಯೇ ಹೇಳಿದ. ಇಬ್ಬರಲ್ಲೊಬ್ಬ ಸಿಕ್ಕಿಬಿದ್ದ ಎಂದು ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಕರಿಕಲ್ಲು ತೋರಿಸಿದ.

"ಇದು ಆಳದ್ದು, ಮೇಡಂ."

"ಅಂದ್ರೆ, ಬೇಗ ಆರಿದ್ರೆ ಹರಳು ದೊಡ್ಡದಾಗತ್ತಾ?"

"ಆಗ್ಲೇಬೇಕಲ್ಲ, ಮೇಡಂ."

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಗೊತ್ತಿದ್ದವರು ಕೆಳಗಿಳಿದು ಹೊಸದಾಗಿ ಕಲಿಯುವುದೇನೂ ಇಲ್ಲ ಎಂದು ಉಳಿದಿಬ್ಬರನ್ನು ಮನೆಗೆ ಕಳಿಸಿದರು. ಆಮೇಲೆ ಮೆತ್ತಗೆ ಹೇಳಿದರು.

"ಇಷ್ಟು ವರ್ಷ ಕಲ್ಲಿನ ಮಧ್ಯೇನೇ ಇದ್ದೀರ, ಯಾರೂ ನಿಮಗೆ ಕಣ್ಣಾರೆ ತೋರಿಸಿಲ್ಲ. ನಾಳೆ ನನ್ ಜೊತೆ ಕೆಳಗೆ ಬನ್ನಿ."

ಗುಮಾಸ್ತನ ಮುಖ ಸುಣ್ಣವಾಯಿತು. ನಿಧಾನವಾಗಿ ಆರುವುದು, ದೊಡ್ಡ ಹರಳು, ಮೇಲಿನ ಬಿರುಕು, ಸಣ್ಣ ಹರಳು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ. ಒಂದಕ್ಷರ ತಪ್ಪಲಿಲ್ಲ.

ಮೇಡಂ ಮುಖ ಅರಳಿತು.

"ನೋಡಿದ್ರಾ, ಕೆಳಗೆ ಕರ್ಕೊಂಡು ಹೋಗ್ತೀನಿ ಅಂದಿದ್ದಕ್ಕೇ ಇಷ್ಟು ಬಂತು. ಇನ್ಮೇಲೆ ದಿನಾ ಇಳಿಯೋಣ."