ಮೋಡದೊಳಗಿನ ಮನುಷ್ಯ

ಆದೋನಿಯ ಹತ್ತಿ ಮಾರುಕಟ್ಟೆ ಎದುರು ಚಹಾದಂಗಡಿ ಇಟ್ಟಿದ್ದ ಭೀಮಲಿಂಗಪ್ಪನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಫೋಟೋದಿಂದ. ರಸ್ತೆಯಾಚೆ ಚಹಾ ಮಾರುವ ಬಜಾರಪ್ಪ ಬೆಳಿಗ್ಗೆ ಅದನ್ನು ಗೋಡೆಗೆ ಹಾಕಿ ಹಾರ ಏರಿಸಿದ್ದ. ಕುರ್ಚಿಯಲ್ಲಿ ಬಜಾರಪ್ಪ, ಅವನ ತಲೆಯ ಮೇಲೆ ಮೋಡದೊಳಗೆ, ಹೋದ ವರ್ಷ ತೀರಿಕೊಂಡ ಅವನಪ್ಪ ಹೊಗೆಯಂತೆ ತೆಳ್ಳಗೆ ನಿಂತು ಆಶೀರ್ವಾದ ಮಾಡುತ್ತಿದ್ದ. ನೋಡಲು ಬಂದವರೆಲ್ಲ ಅಲ್ಲೇ ಚಹಾ ಕುಡಿದರು. ಭೀಮಲಿಂಗಪ್ಪನ ಮಿರ್ಚಿ ಬಜ್ಜಿ ಸತ್ತ ಹಲ್ಲಿಯಂತೆ ಮುದುಡಿದವು.

"ನೋಡ್ರಿ, ಅವರಪ್ಪ ಸತ್ತಮ್ಯಾಲೂ ಮಗನ ಯಾಪಾರ ನೋಡಾಕತ್ಯಾನ," ಎಂದಳು ಹೆಂಡತಿ ಶಂಕರಮ್ಮ. "ನಿಮ್ಮಪ್ಪ ಬದುಕಿದ್ದೂ ಒಂದು ಲೋಟ ತೊಳಿಯಂಗಿಲ್ಲ."

"ಅದೃಷ್ಟ ಬೇಕಲೇ ಅದಕ್ಕ! ನಮ್ಮಾತ ಗುಂಡುಕಲ್ಲಿನಂಗ ಅದಾನ."

ಬದುಕಿದ್ದರೇನು, ಮೋಡ ಹತ್ತಿಸಬಾರದೆ? ಭೀಮಲಿಂಗಪ್ಪ ತನ್ನಪ್ಪ ಉಚ್ಚೀರಪ್ಪನಿಗೆ ಹೊಸ ರುಮಾಲು ಸುತ್ತಿಸಿ ಸೇತುಮಾಧವರಾಯರ ಸ್ಟುಡಿಯೋಗೆ ಎಳೆದೊಯ್ದ.

"ಬಜಾರಪ್ಪಗ ಮಾಡಿಕೊಟ್ಟಂಗ ಮಾಡ್ರಿ ಸ್ವಾಮಿ. ಸಂಜಿಗೆ ಬೇಕು."

ರಾಯರು ಹೇಳಿದರು: "ಒಂದೇ ಕಾಗದದ ಮ್ಯಾಲ ಇಬ್ಬರನ್ನೂ ಇಳಿಸಬೇಕು. ಇಳಿಸುವಾಗ ಯಾರಿಗೆ ಬೆಳಕು ಜಾಸ್ತಿ ಬಿಡ್ತೀನೋ ಆತ ಗಟ್ಟಿ ಮೂಡ್ತಾನ. ಯಾರಿಗೆ ಕಮ್ಮಿಯೋ ಆತ ಮಸುಕಾಗಿ, ಮೈಯೊಳಗಿಂದ ಮೋಡ ಕಾಣ್ತದ."

"ಮಸುಕಾಗೋನು ಯಾರು?" ಎಂದ ಉಚ್ಚೀರಪ್ಪ.

"ನೀನಪ್ಪ. ಬರೇ ಫೋಟೋದಾಗ," ಎಂದ ಮಗ.

"ಥೂ ನಿನ್ನ! ನಂದಿನ್ನೂ ಒಂದು ಹಲ್ಲು ಬಿದ್ದಿಲ್ಲ, ನನ್ನ ಹೊಗಿ ಮಾಡ್ತೀಯೇನಲೇ?"

ಭೀಮಲಿಂಗಪ್ಪ ಅಪ್ಪನ ಗದ್ದ ಹಿಡಿದ, ಕಾಲು ಹಿಡಿದ. ಮುದುಕ ಮೆತ್ತಗಾದ. "ಆಗ್ಲಿ. ಕೈ ಹೆಂಗ ಎತ್ತಬೇಕು, ತೋರಿಸು."

ಭೀಮಲಿಂಗಪ್ಪ ದೇವರಂತೆ ಮುಖ ಮಾಡಿ ಕೈ ಎತ್ತಿ ನಿಂತ.

"ಹಂಗೇ ಇರು, ಕಲೀತೀನಿ," ಎಂದ ಅಪ್ಪ ರಾಯರ ಕಡೆ ನೋಡುತ್ತ. ಆಮೇಲೆ, "ನೀ ನಡಿ, ಅಂಗಡ್ಯಾಗ ಎಣ್ಣಿ ಕಾಯಾಕತ್ತಿರತೈತಿ. ಫೋಟೋ ನಾ ತರ್ತೀನಿ," ಎಂದ.

ಸಂಜೆಗೆ ಭೀಮಲಿಂಗಪ್ಪ ಬೀದಿಯನ್ನೆಲ್ಲ ಕೂಡಿಸಿದ. ಹೊಟ್ಟೆ ಉರಿಯಲಿ ಎಂದು ಬಜಾರಪ್ಪನನ್ನೂ ಕರೆದ. ಅಪ್ಪ ತಂದ ಫೋಟೋವನ್ನು ಸುತ್ತಿದ ಕಾಗದದ ಸಮೇತ ಗೋಡೆಗೇರಿಸಿ, ಬಜಾರಪ್ಪನದಕ್ಕಿಂತ ದಪ್ಪ ಹಾರ ಹಾಕಿ, ಕಾಗದ ಹರಿದ.

ಕುರ್ಚಿಯಲ್ಲಿ ಉಚ್ಚೀರಪ್ಪ ಆದೋನಿ ಬೆಟ್ಟದಂತೆ ಕರ್ರಗೆ, ಗಟ್ಟಿಯಾಗಿ ಕೂತಿದ್ದ. ಮೋಡದೊಳಗೆ ಹೊಗೆಯಾಗಿ ಕೈ ಎತ್ತಿ ನಿಂತವನು ಭೀಮಲಿಂಗಪ್ಪ.

"ನೀ ಕೈ ಎತ್ತಿದ್ದೇ ಚಂದಿತ್ತು. ರಾಯರಿಗೆ ಕಣ್ಣು ಹೊಡದು ಆಗ್ಲೇ ತಗಸಿದ್ದೆ, ಅದನ್ನೇ ಇಳಸ್ರಿ ಅಂದೆ," ಎಂದ ಅಪ್ಪ.

"ಚಾಲಾ ಬಾಗುಂದಿ, ಭಾಳ ಚಂದೈತಿ! ನಮ್ಮಪ್ಪಗಿಂತ ನೀನೇ ಬೇಸು ಮಸುಕಾಗೀದಿ ಬಿಡು," ಎಂದು ಬಜಾರಪ್ಪ ಹೊಟ್ಟೆ ಹಿಡಿದು ನಕ್ಕ.

ಅಷ್ಟರಲ್ಲಿ ಹತ್ತಿ ಗಾಡಿಯಿಂದಿಳಿದ ದೇವನಕೊಂಡದ ರೈತರು ಚಹಾಕ್ಕೆ ಒಳಗೆ ಬಂದರು. ಫೋಟೋ ನೋಡಿದರು, ಹಾರ ನೋಡಿದರು, ರುಮಾಲು ತೆಗೆದರು. ಅವರೊಳಗಿನ ಹಿರಿಯಳು ಪಂಪಮ್ಮ, "ಅಯ್ಯೋ ಪಾಪ! ಯಾವಾಗ ಹೋದ?" ಎಂದಳು.

"ಹೋಗಿಲ್ಲಬೇ, ಅದು ನಾನು!"

"ದುಃಖಕ್ಕ ಹಂಗೇ ಆಗತೈತಿ ತಮ್ಮಾ. ಅಣ್ಣತಮ್ಮರು ಒಂದೇ ಅಚ್ಚು ಅದೀರಿ." ಆಕೆ ತನ್ನವರ ಕಡೆ ತಿರುಗಿದಳು. "ಹಾರ ಇನ್ನೂ ಬಾಡಿಲ್ಲ. ಮೈಲಿಗಿ ಮನ್ಯಾಗ ನೀರು ಮುಟ್ಟಬಾರದು, ಏಳ್ರಿ."

ಗುಂಪೆಲ್ಲ ಬಜಾರಪ್ಪನ ಅಂಗಡಿಗೆ ನಡೆಯಿತು. ನಗುತ್ತ ಬೀದಿಯವರೂ ಹಿಂದೆ ಹೋದರು.

ಭೀಮಲಿಂಗಪ್ಪ ಒಂದು ಲೋಟ ಚಹಾ ಸುರಿದು ಅಪ್ಪನ ಮುಂದೆ ಹಿಡಿದ. "ನೀನಾದರೂ ಕುಡಿಯಪ್ಪ."

ಉಚ್ಚೀರಪ್ಪ ಲೋಟ ಮುಟ್ಟಲಿಲ್ಲ.

"ಮಗ ಸತ್ತ ಮನ್ಯಾಗ ಹೆಂಗ ಕುಡೀಲೋ?" ಎನ್ನುತ್ತ ಪಂಚೆ ಎತ್ತಿ ಕಟ್ಟಿಕೊಂಡು ರಸ್ತೆ ದಾಟಿದ.