ಡ್ರೈವರ್ ಮಗಳ ಮೊದಲ ಮಾತು

ಎದುರು ಮನೆಯ ಮಗು ಬೆಳಬೆಳಿಗ್ಗೆ ಎದ್ದು ಬಾಲ್ಕನಿಯಿಂದ, "ಅಪ್ಪಾ, ಬೇಗ ಬಾ! ಕೆಂಪು ಬಲೂನ್ ತಾ!" ಅಂತ ಕೂಗಿದ್ದೇ ಎಲ್ಲ ಫಜೀತಿಗೂ ಮೂಲ.

ಡ್ಯೂಟಿಗೆ ಹೊರಟಿದ್ದ ಬಸ್ ಡ್ರೈವರ್ ತನ್ನನ್ನೇ ಕರೆದ ಹಾಗೆ ಗಕ್ಕನೆ ನಿಂತ. ಆ ಮಗುವಿಗೂ ಅವನ ಮಗಳಿಗೂ ಒಂದೇ ವಯಸ್ಸು, ಎರಡು ತುಂಬಿ ಮೂರರ ಹತ್ತಿರ. ಅದು ಬಲೂನಿನ ಬಣ್ಣ ಬೇರೆ ಹೇಳುತ್ತಿತ್ತು. ಇವನ ಮಗಳು ಬೇಕಾದ್ದಕ್ಕೆಲ್ಲ ಬೆರಳು ತೋರಿಸಿ "ಉಂ" ಅನ್ನುತ್ತಿದ್ದಳು. ಬೇಡವಾದ್ದಕ್ಕೂ "ಉಂ", ಸ್ವಲ್ಪ ಜೋರಾಗಿ.

ಬಸ್ಸಿನಲ್ಲಿ ಯಾರದೋ ಮಗು "ಅಪ್ಪಾ" ಅಂದರೆ ಸಾಕು, ಅವನ ಕಣ್ಣು ತಾನಾಗಿ ಕನ್ನಡಿಯ ಕಡೆ ಹೋಗುತ್ತಿತ್ತು. ಒಂದು ಸಲ ಹಾಗೆ ನೋಡುತ್ತ ಸ್ಟಾಪ್ ದಾಟಿಸಿ, ಇಡೀ ಬಸ್ಸಿನಿಂದ ಬೈಸಿಕೊಂಡಿದ್ದ.

ಕೆಳಗಿನ ಮನೆಯ ನಿವೃತ್ತ ಟೀಚರಮ್ಮ ಗಿಡಕ್ಕೆ ನೀರು ಹಾಕುತ್ತ ಅವನ ಮುಖ ನೋಡಿದರು.

"ನೋಡಪ್ಪ, ಮಾತು ಆಕಾಶದಿಂದ ಉದುರಲ್ಲ. ಮಕ್ಕಳ ಕಿವಿ ಅಂದ್ರೆ ಕೊಡ ಇದ್ದ ಹಾಗೆ. ತುಂಬಿದ ಮೇಲೇ ಉಕ್ಕೋದು. ತುಂಬೋ ಕಾಲ ಇದೇ. ನೀನು ಅವಳ ಜೊತೆ ಮಾತಾಡ್ತೀಯಾ?"

'ನೋಡಪ್ಪ'ದಲ್ಲಿದ್ದ 'ಅಪ್ಪ' ಕೂಡ ಅವನಿಗೆ ಹಿತವಾಗಿ ಕೇಳಿಸಿತು. "ಎಲ್ಲಿ ಟೀಚರ್? ನಾನು ಹೋಗೋವಾಗ್ಲೂ ನಿದ್ದೆ, ಬರೋವಾಗ್ಲೂ ನಿದ್ದೆ."

"ಹಗಲಲ್ಲಿ?"

"ಅವಳಮ್ಮನ ಗಾರ್ಮೆಂಟ್ಸಲ್ಲೇ ಮಕ್ಕಳ ಕೋಣೆ ಇದೆ. ಮಷಿನ್ ಸದ್ದಿಗೆ ಆಯಾನೂ ಕೈಸನ್ನೇಲೇ ಮಾತಾಡೋದು."

"ಸರಿಹೋಯ್ತು! ಒಂದು ದಿನ ರಜಾ ಹಾಕು. ಕಣ್ಣಿಗೆ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳು. ಬಿಡಬೇಡ."

ಅವನು ನಿಂತಲ್ಲೇ ಡಿಪೋಗೆ ಫೋನ್ ಮಾಡಿ, ದನಿ ನಡುಗಿಸಿ, "ಸಾರ್, ಜ್ವರ" ಅಂದ. ಹೆಂಡತಿ ಅನುಮಾನದಿಂದಲೇ ಮಗುವನ್ನು ಅವನ ಕೈಗೆ ಕೊಟ್ಟು ಕೆಲಸಕ್ಕೆ ಹೋದಳು.

ಶುರುವಾಯಿತು. "ಇದು ಚಮಚ. ಇದು ಬಾಗಿಲು. ಇದು ಅಪ್ಪ. ಅಪ್ಪ ಅನ್ನು ಪುಟ್ಟಿ. ಅ... ಪ್ಪ."

"ಉಂ," ಅಂದಳು ಪುಟ್ಟಿ.

ಮನೆಯೊಳಗಿನ ಸಾಮಾನು ಮುಗಿಯಿತು. ಮಗುವನ್ನು ಎತ್ತಿಕೊಂಡು ಬೀದಿಗಿಳಿದ. ಎದುರು ಮನೆಯ ಹೆಂಗಸು ಸಿಕ್ಕಳು. "ಇವರು ಆಂಟಿ. ಆಂಟಿ ಎಷ್ಟು ದಪ್ಪ ಇದಾರೆ! ದಪ್ಪ! ಅಪ್ಪ ಸಣ್ಣ, ಆಂಟಿ ದಪ್ಪ."

ಆಂಟಿಯ ಮುಖ ಕಾದ ಹೆಂಚಾಯಿತು.

ತರಕಾರಿ ಅಂಗಡಿಯಲ್ಲಿ ಅವನಿಗೆ ಇನ್ನೂ ಹುರುಪು. "ಇದು ಟೊಮೆಟೊ. ಇದು ಕೊಳೆತ ಟೊಮೆಟೊ. ಅಂಗಡಿ ಮಾಮ ಇದನ್ನ ಕೆಳಗೆ ಹಾಕಿ, ಒಳ್ಳೇದನ್ನ ಮೇಲಿಡ್ತಾರೆ."

ಚೀಲ ಹಿಡಿದು ನಿಂತಿದ್ದವರೆಲ್ಲ ತಂತಮ್ಮ ಚೀಲ ಸುರಿದು ನೋಡತೊಡಗಿದರು. "ಅಣ್ಣಾ, ಬೇರೆ ಅಂಗಡಿ ಸಿಗ್ಲಿಲ್ವಾ ಪಾಠ ಮಾಡೋಕೆ?" ಅಂತ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ಹೊರಗೆ ಬಂದ.

ಡ್ರೈವರ್ ಓಡಿದ್ದು ಪಕ್ಕದ ಕಟಿಂಗ್ ಶಾಪಿಗೆ. ಏದುಸಿರು ಬಿಡುತ್ತ ಬೆಂಚಿನ ಮೇಲೆ ಕೂತರೂ ಬಾಯಿ ನಿಲ್ಲಲಿಲ್ಲ. "ಇದು ಕತ್ತರಿ. ಇದು ನೊರೆ. ಆ ಮಾಮನ ಮುಖದ ತುಂಬ ನೊರೆ. ಮಾಮ ಕೆಲಸಕ್ಕೆ ಹೋಗ್ತಾರೆ. ಅಪ್ಪ ಹೋಗಿಲ್ಲ. ಯಾಕೆ? ಜ್ವರ ಅಂತ ಸುಳ್ಳು ಹೇಳಿದಾರೆ. ಮ್ಯಾನೇಜರ್ ನಂಬಿಬಿಟ್ರು, ಪಾಪ!"

ಕುರ್ಚಿ ಮೆಲ್ಲಗೆ ತಿರುಗಿತು. ನೊರೆಯ ನಡುವಿನ ಎರಡು ಕಣ್ಣು ಅವನಿಗೆ ಚೆನ್ನಾಗಿ ಪರಿಚಯದವು.

"ಜ್ವರ ಇಳೀತಾ?" ಕೇಳಿದರು ಡಿಪೋ ಮ್ಯಾನೇಜರ್. "ಒಳ್ಳೇದಾಯ್ತು. ಇನ್ನು ಈ ತಿಂಗಳು ಭಾನುವಾರನೂ ನೀನೇ ಬಾ."

ಭಾನುವಾರವೊಂದೇ ಅವನು ಮಗಳ ತೆರೆದ ಕಣ್ಣು ನೋಡುತ್ತಿದ್ದ ದಿನ. ಹೊರಗೆ ಬಂದವನು ಅವಳನ್ನು ಎದೆಗೊತ್ತಿಕೊಂಡು, ಮನೆಯ ತನಕ ಒಂದೇ ಮಾತು ಹೇಳಿದ. "ಅಪ್ಪ ಅನ್ನು ಪುಟ್ಟಿ. ಒಂದೇ ಒಂದು ಸಲ."

ಪುಟ್ಟಿ ಅವನ ಕಿವಿ ಹಿಡಿದು ಆಡುತ್ತಿದ್ದಳು. "ಉಂ" ಕೂಡ ಅನ್ನಲಿಲ್ಲ.

ಸಂಜೆ ಹೆಂಡತಿ ಬರುವಷ್ಟರಲ್ಲಿ ಮನೆಬಾಗಿಲಲ್ಲಿ ಸಂತೆ ನೆರೆದಿತ್ತು. "ನಾನು ದಪ್ಪನಾ?" ಅಂತ ಆಂಟಿ. "ನನ್ನ ವ್ಯಾಪಾರ ಮುಳುಗಿಸಿದ್ರು," ಅಂತ ಅಂಗಡಿಯವನು. ಗಲಾಟೆ ಕೇಳಿ ಟೀಚರಮ್ಮನೂ ಮೇಲೆ ಬಂದರು. ಡ್ರೈವರ್ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಲ್ಲರಿಗಿಂತ ಜೋರಾಗಿ, "ಮಗು ಮಾತು ಕಲೀಲಿ ಅಂತ ಕಣ್ರೀ..." ಅಂತ ಶುರುಮಾಡಿದ.

ಪುಟ್ಟ ಅಂಗೈಯೊಂದು ಅವನ ಬಾಯಿ ಮುಚ್ಚಿತು.

"ರೀ, ಮೆಲ್ಲಗೆ ಮಾತಾಡ್ರೀ! ಮಗು ಎದ್ದುಬಿಡತ್ತೆ!"

ಹೇಳಿದ್ದು ಪುಟ್ಟಿ. ಅಕ್ಷರ ಅಕ್ಷರವೂ ಸ್ಪಷ್ಟ. ಧಾಟಿ ಮಾತ್ರ ಪಕ್ಕಾ ಅಮ್ಮನದು.

"ಪೂರ್ತಿ ವಾಕ್ಯ!" ಟೀಚರಮ್ಮ ಚಪ್ಪಾಳೆ ತಟ್ಟಿದರು. "ಅದೂ ಮರ್ಯಾದೆ ಸಮೇತ!"

ಹೆಂಡತಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ರಾತ್ರಿ ನೀವು ಬಂದಾಗ ದಿನಾ ನಾನು ಹೇಳೋದು ಅದೇ ಅಲ್ವಾ? ಹಾಗಾದ್ರೆ ಇವಳು..."

ಮಿಕ್ಕದ್ದು ಡ್ರೈವರನಿಗೆ ತಾನಾಗಿ ಹೊಳೆಯಿತು. ಅಷ್ಟು ದಿನವೂ ಅವನು ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳನ ಹಾಗೆ ಒಳಗೆ ಬಂದು, ಬಾಗಿಲ ಸಂದಿಯಿಂದ ನೋಡಿ ಹಿಂದೆ ಸರಿದಿದ್ದ. ಮಗು ಕಣ್ಣು ಮುಚ್ಚಿಕೊಂಡು ಎಚ್ಚರವಾಗೇ ಇತ್ತು.

ಅವನು ಮಗಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. "ಪುಟ್ಟಿ, ನಾನು ಯಾರಮ್ಮ?"

ಮಗಳು ಅವನನ್ನು ತಲೆಯಿಂದ ಕಾಲಿನ ತನಕ ನೋಡಿ, ನಿಧಾನವಾಗಿ ಹೇಳಿದಳು. "ರೀ."

ಬಂದವರೆಲ್ಲ ಬಂದ ಕೆಲಸ ಮರೆತು ನಕ್ಕರು. ಹೆಂಡತಿ ಗಾಬರಿಯಾಗಿ ಮಗುವಿನ ಗಲ್ಲ ಹಿಡಿದಳು. "ಹಾಗನ್ನಬಾರದು ಕಂದಾ, ಅಪ್ಪ ಅನ್ಬೇಕು. ರೀ, ಏನ್ ನೋಡ್ತಾ ಕೂತಿದೀರಾ? ನೀವೇ ಹೇಳ್ಕೊಡ್ರೀ!"

"ಹೇಳ್ಕೊಡ್ರೀ!" ಅಂದಳು ಮಗಳು.

ಬೆಳಗಿನಿಂದ ಬಾಯಿ ಮುಚ್ಚದ ಡ್ರೈವರ್ ತನ್ನ ಎದೆಗೆ ಬೆರಳು ತೋರಿಸಿ, "ಉಂ" ಅಂದ.