ಗೇಣಗಲ ಬಿಟ್ಟ ಗಿಲಾವು

ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಯಾವುದೋ ಮದುವೆಯಲ್ಲಿ ಯಾವ ಬೀಗರು ಎಲೆ ಮುಂದಿನಿಂದ ಎದ್ದುಹೋದರು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿ ಮುಗಿಸಿದ ಮೇಲೆ, ಆ ಮದುವೆಗೆ ನಾನು ಹೋಗಿರಲೇ ಇಲ್ಲವೆಂದು ಹೆಂಡತಿ ತಿಳಿಸಿದ ಪ್ರಸಂಗ ನಡೆದಿದೆ. ಅಂದಿನಿಂದ ದಿನಚರಿ ಬರೆಯುವ ಅಭ್ಯಾಸ ಹಚ್ಚಿಕೊಂಡೆ. ಕಚೇರಿಯಿಂದ ಬಂದು, ಉಂಡು, ಆ ದಿನದ್ದನ್ನು ಆ ದಿನವೇ ಬರೆದಿಟ್ಟರೆ ಮುಂದೆ ನೆನಪಿನ ಆಟಕ್ಕೆ ಎಡೆಯಿರುವುದಿಲ್ಲ ಎಂದು ನನ್ನ ಎಣಿಕೆ. ಬರೆಯುವವನೂ ನಾನೇ ಎಂಬ ಒಂದು ತೊಡಕನ್ನು ಬಿಟ್ಟರೆ ಈ ಏರ್ಪಾಡು ಚೆನ್ನಾಗಿಯೇ ಇದೆ.

ಸೇಡಂನ ನಮ್ಮ ಮನೆ ಕಲ್ಲಿನದು. ಬೀದಿ ಕಡೆಯ ಗೋಡೆಗೆ ಅಜ್ಜನ ಕಾಲದಲ್ಲಿ ಸುಣ್ಣ-ಮರಳು ಅರೆದು ಬಳಿದ ಗಚ್ಚಿನ ಗಿಲಾವು. ಅದು ಈಚೆಗೆ ಉಬ್ಬಿ, ಸೀಳಿ, ಹಪ್ಪಳದಂತೆ ಉದುರತೊಡಗಿತ್ತು. ಹೋದ ಮಳೆಗಾಲದಲ್ಲಿ ನೀರು ಕಲ್ಲಿನ ಸಂದಿಗಳಿಂದ ಇಳಿದು ಒಳಗಿನ ಜೋಳದ ಚೀಲಗಳನ್ನೇ ತೋಯಿಸಿಬಿಟ್ಟಿತು. ಈ ಸಲ ಮುಂಗಾರಿನ ಮಿರಗದ ಮಳೆ ಬೀಳುವುದರೊಳಗೆ ಹಳೆಯದನ್ನು ಕೆತ್ತಿ ಹೊಸದು ಮೆತ್ತಿಸಲೇಬೇಕೆಂದು, ತಹಸೀಲ ಕಚೇರಿಯ ಕಾರಕೂನನಿಗೆ ತಕ್ಕ ಠೀವಿಯಲ್ಲಿ ಮನೆಯಲ್ಲಿ ಹುಕುಂ ಹೊರಡಿಸಿದೆ. ಶಹಾಬಾದಿನ ಭಟ್ಟಿಯಿಂದ ಸುಣ್ಣ ಬಂತು, ಕಾಗಿಣಾ ಹೊಳೆಯಿಂದ ಮರಳು ಬಂತು, ಗಾರೆ ಕೆಲಸದ ಗವಂಡಿ ಮೌಲಾಸಾಬ ಬಂದ. ಅಡ್ಡ ಬಂದವಳು ನಮ್ಮ ಅವ್ವ ಒಬ್ಬಳೇ.

ಮೊದಲ ದಿನ ಮೌಲಾಸಾಬ ಉತ್ಸಾಹದಿಂದ, "ಕಡೀ ಹೊದಿಕಿಗಿ ತತ್ತಿ ಬಿಳಿ ಕಲಸಿ ತಿಕ್ಕಿದ್ರ ಗ್ವಾಡಿ ಕನ್ನಡಿ ಹಂಗ ಹೊಳೀತದ ನೋಡ್ರಿ" ಎಂದ. ಅವ್ವ ಬಾಗಿಲಿಗೆ ಬಂದಳು. "ಎದ್ಯಾಗ ಲಿಂಗ ಕಟಗೊಂಡಾಕಿ ತತ್ತಿ ಬಳದ ಗ್ವಾಡಿಗಿ ಬೆನ್ನ ಹಚ್ಚಿ ಕುಂದ್ರಲೇನೋ ಮೌಲ್ಯಾ? ಈ ಕೆಲಸಾನೇ ಬ್ಯಾಡ, ನಡಿ ಮನಿಗಿ." ಅವನು ನಗುತ್ತ, "ಬ್ಯಾಡಂದ್ರ ಬಿಡ್ರಿ ಅವ್ವಾರ. ಬೆಲ್ಲದ ನೀರ ಹಾಕಿ ನುಣ್ಣನ ಕಲ್ಲಿಲೆ ತಿಕ್ತೀನಿ" ಎಂದು ಒಪ್ಪಿಕೊಂಡುಬಿಟ್ಟ. ಅವ್ವ ಗೆದ್ದವಳಂತೆ ಕಾಣಲಿಲ್ಲ. ಸೋತವಳಂತೆ ಒಳಗೆ ಹೋದಳು. ಇದನ್ನು ನಾನು ಆಗಲೇ ಗಮನಿಸಬೇಕಾಗಿತ್ತು. ಮರುದಿನ ಬೆಲ್ಲಕ್ಕೆ ಇರುವೆ ಬರುತ್ತವೆ ಎಂದಳು. "ಸುಣ್ಣ ತಿಂದ ಇರುವಿ ಎರಡನೇ ಸಲ ಬರಂಗಿಲ್ರಿ" ಎಂದ ಮೌಲಾಸಾಬ. ಅದರ ಮರುದಿನ, ಪಕ್ಕದ ಮನೆಯ ಸೊಸೆ ಬಸುರಿ, ಸುತ್ತಿಗೆಯ ಸಪ್ಪಳಕ್ಕೆ ಬೆದರುತ್ತಾಳೆ ಎಂದಳು. ನಾನೇ ಹೋಗಿ ವಿಚಾರಿಸಿದೆ. ಆ ಹುಡುಗಿ ಅಂಗಳದಲ್ಲಿ ಧಡಧಡ ಖಾರ ಕುಟ್ಟುತ್ತಿದ್ದಳು. ನಾನು ಹೇಳಿದ್ದು ಆ ಸದ್ದಿನಲ್ಲಿ ಕೇಳಿಸಲು ಎರಡು ಸಲ ಕೂಗಬೇಕಾಯಿತು. ಹೀಗೆ ಅವ್ವನ ಪ್ರತಿಯೊಂದು ಆಕ್ಷೇಪಣೆಯನ್ನೂ ಬಿ.ಎ. ಓದಿದ ಬುದ್ಧಿಯಿಂದ ಕ್ರಮವಾಗಿ ಖಂಡಿಸಿದೆ. ಎಷ್ಟು ಚೆನ್ನಾಗಿ ಖಂಡಿಸಿದೆ ಎಂಬುದನ್ನು ದಿನಚರಿಯಲ್ಲೂ ಬರೆದಿದ್ದೇನೆ. ಈಗ ಓದಿದರೆ ನಾಚಿಕೆಯಾಗುತ್ತದೆ.

ಕೆತ್ತುವ ಕೆಲಸ ಶುರುವಾದ ಮೂರನೆಯ ದಿನ ಸಂಜೆ ಕಚೇರಿಯಿಂದ ಬಂದು ನೋಡುತ್ತೇನೆ, ಗೋಡೆಯ ಎರಡೂ ಕಡೆ ಕಲ್ಲು ಹೊರಬಿದ್ದಿವೆ. ನಡುವೆ ಒಂದಿಷ್ಟು ಹಳೆಯ ಗಿಲಾವು ಹಾಗೇ ಇದೆ. ಅದಕ್ಕೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಳೆ. ಮೌಲಾಸಾಬ ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದಾನೆ.

"ಸಾಹೇಬ್ರ, ನಾ ಈ ಕಡಿಂದ ಕೆತ್ತಿಕೋತ ಬಂದ್ರೂ ಅವ್ವಾರ ಅಲ್ಲೇ, ಆ ಕಡಿಂದ ಬಂದ್ರೂ ಅಲ್ಲೇ. ಮುಂಜಾನಿಂದ ಅದೇ ಒಂದು ಸೇರು ಜ್ವಾಳ ಹಸನ ಮಾಡ್ಲಿಕತ್ತಾರ. ಅದ್ರಾಗ ಒಂದು ಹರಳ ಇದ್ರ ನನ್ನ ಹೆಸರ ಬದಲಸ್ರಿ."

ಅವ್ವ ನೀರು ಕುಡಿಯಲು ಒಳಗೆ ಹೋದಾಗ ಅವನು ನನ್ನನ್ನು ಕರೆದು ತೋರಿಸಿದ. ಕುಳಿತವರ ತಲೆಯ ಎತ್ತರದಲ್ಲಿ, ಗೇಣಗಲದ ಒಂದು ಕಂದು ಕಲೆ. ಎಣ್ಣೆ ಕುಡಿದು ಕುಡಿದು ಆ ಗಚ್ಚು ಮಾತ್ರ ಗಟ್ಟಿಯಾಗಿ, ನುಣ್ಣಗೆ ಹೊಳೆಯುತ್ತಿತ್ತು.

"ಯಾರೋ ಭಾಳ ದಿನ ತಲಿ ಆನಿಸಿ ಕುಂತಾರ್ರಿ. ಇದರ ಸಲುವಾಗೇ ತತ್ತಿ ಬ್ಯಾಡಾತು, ಬೆಲ್ಲ ಬ್ಯಾಡಾತು. ಇಷ್ಟ ಓದೀರಿ, ನಿಮಗ ತಿಳೀಲಿಲ್ಲೇನ್ರಿ?"

ತಕ್ಷಣ ನೆನಪಾಯಿತು. ನಮ್ಮಪ್ಪ! ತೀರಿಕೊಂಡು ಹನ್ನೊಂದು ವರ್ಷ. ಸಂಜೆ ಹೊಲದಿಂದ ಬಂದು, ಕಾಲು ಚಾಚಿ, ಬರಿದಲೆಯನ್ನು ಗೋಡೆಗಾನಿಸಿ, ಅರೆಗಣ್ಣು ಮುಚ್ಚಿ ಕುಳಿತ ಅಪ್ಪ ಕಣ್ಣ ಮುಂದೆ ಬಂದು ನಿಂತ. ಅಂದು ದಿನಚರಿಯಲ್ಲಿ ನಾಲ್ಕು ಪುಟ ಬರೆದೆ. ಎರಡು ಕಡೆ ಶಾಯಿ ಹರಡಿದೆ, ಅದು ಬೆವರಿನಿಂದಲ್ಲ.

ಬೆಳಗ್ಗೆ ಎದ್ದವನೇ ಮೌಲಾಸಾಬನಿಗೆ ಹೇಳಿದೆ, ಆ ಗೇಣಗಲ ಜಾಗ ಮುಟ್ಟಬೇಡ, ಸುತ್ತ ಅಂಚು ಕಟ್ಟಿ ಗಿಲಾವು ಮಾಡು ಎಂದು. ಆಮೇಲೆ ಅವ್ವನ ಪಕ್ಕದಲ್ಲಿ ಕುಳಿತು, "ಅವ್ವಾ, ಅಪ್ಪನ ತಲಿ ಗುರುತು ಹಂಗೇ ಇರ್ಲಿ ಅಂತ ಹೇಳೀನಿ" ಎಂದೆ.

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿಮ್ಮಪ್ಪ ಎಂದಾರ ತಲಿ ಮ್ಯಾಲಿನ ರುಮಾಲ ತಗದು ಓಣ್ಯಾಗ ಕುಂತಾರೇನು? ರುಮಾಲ ಸುತ್ತಿದ ತಲೀದು ಎಣ್ಣಿ ಕಲಿ ಎಲ್ಲಿಂದ ಬೀಳ್ತದೋ?"

"ಮತ್ತ ಇದು?"

"ನಿಂದು, ಹುಚ್ಚಪ್ಪ. ಹೈದ್ರಾಬಾದಿನ್ಯಾಗ ನಪಾಸಾಗಿ ಬಂದು ಒಂದು ವರ್ಷ ಪೂರಾ ಇಲ್ಲೇ ಕುಂತಿದ್ದಿ. ಯಾರ ಕೂಡಾನೂ ಮಾತಿಲ್ಲ ಕತಿಲ್ಲ. ತಲಿ ಕಾವು ಇಳೀಲಿ ಅಂತ ನಾ ದಿನಾ ಔಡಲೆಣ್ಣಿ ತಟ್ಟತಿದ್ದೆ. ಮತ್ತ ಓದಲಿಕ್ಕ ಹೋದಿ, ಒಂದು ಕಾಗದಿಲ್ಲ. ಸಂಜೀಕ ನಾ ಇಲ್ಲಿ ಬಂದು ಕುಂತ್ರ ನೀ ಬಾಜೂಕ ಇದ್ದಂಗ ಆಗ್ತಿತ್ತು."

ಆ ವರ್ಷವನ್ನು ನಾನು ಇದುವರೆಗೆ ಎಲ್ಲರಿಗೂ 'ಮನೆಯಲ್ಲಿದ್ದು ಓದಿದ ವರ್ಷ' ಎಂದು ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ನಾನೂ ನಂಬಿದ್ದೆ. ಬರಿದಲೆಯ ಅಪ್ಪನನ್ನು ಎಲ್ಲಿಂದ ತಂದೆನೋ ತಿಳಿಯದು.

"ಈಗ ನಾ ಇಲ್ಲೇ ಇದ್ದೀನಲ್ಲವ್ವಾ. ಕಲಿ ಯಾಕ ಬೇಕು?"

"ಎಲ್ಲಿದ್ದಿ? ಕಚೇರಿಂದ ಬರ್ತಿ, ಉಣ್ತಿ, ದಿನ ಹೆಂಗಾತು ಅಂತ ಆ ಬರಿಯೋ ವಹಿಗಿ ಹೇಳ್ತಿ. ಈ ಗ್ವಾಡಿನಾರ ನನ್ನ ಕಡಿ ಮಾರಿ ಮಾಡಿ ನಿಂತದ."

ಬಿ.ಎ. ಓದಿದ ಬುದ್ಧಿಯನ್ನು ಹೊತ್ತುಕೊಂಡು ನಾನು ಕಚೇರಿಗೆ ಹೊರಟೆ.

ಅಂದು ಸಂಜೆ ಕಚೇರಿಯಿಂದ ಬಂದವನು ಒಳಗೆ ಹೋಗದೆ ಕಟ್ಟೆಯ ಮೇಲೆ ಕುಳಿತು ಮೆಲ್ಲಗೆ ತಲೆ ಹಿಂದಕ್ಕೆ ಒಯ್ದೆ. "ಅತ್ಲಾಗಿತ್ಲಾಗ ಹೊರಳಸಬ್ಯಾಡ್ರಿ ಸಾಹೇಬ್ರ, ಸುತ್ತ ಇನ್ನೂ ಹಸಿ ಅದಾ!" ಎಂದು ಗಾರೆ ಮೆತ್ತಿದ ಥಾಪಿ ತೊಳೆಯುತ್ತಿದ್ದ ಮೌಲಾಸಾಬ ಕೂಗಿದ. ತಲೆ ಕಲೆಯೊಳಗೆ ಅಳತೆ ತೆಗೆದಂತೆ ಕೂತಿತು. ಆಗ ಇದ್ದ ಕೂದಲು ಮಾತ್ರ ಈಗಿಲ್ಲ. ಅವ್ವ ಔಡಲೆಣ್ಣೆಯ ಬಟ್ಟಲು ತಂದು, ನನ್ನ ನೆತ್ತಿ ನೋಡಿ, "ಅವತ್ತಿಗಿಂತ ಜಾಗ ಭಾಳ ಆಗ್ಯಾದ" ಎಂದು ತಟ್ಟತೊಡಗಿದಳು. ನಾನು ತಹಸೀಲದಾರರ ಸಿಟ್ಟಿನಿಂದ ಶುರುಮಾಡಿ ಅಂದಿನದೆಲ್ಲ ಹೇಳಿದೆ. ಅವ್ವ ನಡುನಡುವೆ ತಹಸೀಲದಾರರನ್ನು ಬೈದಳು.

ಉಂಡ ಮೇಲೆ ದಿನಚರಿ ತೆರೆದರೆ ಬರೆಯಲು ಏನೂ ಉಳಿದಿರಲಿಲ್ಲ. ಆ ದಿನದ ಪುಟ ಇಂದಿಗೂ ಖಾಲಿಯಿದೆ. ಆದ್ದರಿಂದ ಅವ್ವ ಅಂದು ಆಡಿದ ಮಾತುಗಳನ್ನೆಲ್ಲ ಇಲ್ಲಿ ನೆನಪಿನಿಂದಲೇ ಬರೆದಿದ್ದೇನೆ. ಒಂದಕ್ಷರ ತಪ್ಪಿಲ್ಲವೆಂದು ಆಣೆ ಮಾಡಿ ಹೇಳಬಲ್ಲೆ. ನಾನು ಹೋಗದ ಆ ಮದುವೆಯ ವಿಷಯವನ್ನೂ ಹೀಗೆಯೇ ಆಣೆ ಮಾಡಿ ಹೇಳಿದ್ದೆ.